ಹೆಬ್ಬೆಟ್ಟಿನ ಪಕ್ಕದ ನಂಬರು

ಹನ್ನೆರಡು ವರ್ಷ ಸಾಹೇಬರ ಹಿಂದೆ ಬಾವುಟ ಹಿಡಿದು ತಿರುಗಿದವನು ನಾನು, ಕಾಂತು. ಸಾಹೇಬರು ವಿರೋಧ ಪಕ್ಷದ ತಾಲೂಕು ಅಧ್ಯಕ್ಷರು. ಈಗ ಅವರ ಹೆಸರು ಬಂದರೆ ಉಗುಳಬೇಕು ಅನ್ನಿಸುತ್ತದೆ.

ಹೋದ ಬೇಸಿಗೆಯಲ್ಲಿ ಸರ್ಕಾರ ಒಂದು ಮಸೂದೆ ತಂದಿತು. ಯಾರ ಫೋನು ಎಲ್ಲಿದೆ, ಯಾರು ಯಾರಿಗೆ ಫೋನು ಮಾಡಿದರು ಎಂಬುದನ್ನು ಪೊಲೀಸರು ಕೋರ್ಟಿನ ಅಪ್ಪಣೆಯಿಲ್ಲದೆ ನೋಡಬಹುದಂತೆ. ಸಾಹೇಬರು ಮೈಕು ಹಿಡಿದು ಗುಡುಗಿದರು. ಇದರ ವಿರುದ್ಧ ಹಳ್ಳಿಹಳ್ಳಿಯಿಂದ ಸಹಿ ತರಲು ನನ್ನನ್ನು ಅಟ್ಟಿದರು. "ಬರೇ ಹೆಬ್ಬೆಟ್ಟು ಯಾರೂ ನಂಬೂದಿಲ್ಲೋ. ಬಾಜೂಕ ಮೊಬೈಲ್ ನಂಬರ್ ಬರಿ" ಎಂದರು.

ಯಂಕಂಚಿಯ ರೇವವ್ವ ಸುಲಭಕ್ಕೆ ಬಗ್ಗುವ ಹೆಣ್ಣಲ್ಲ. ಕಾಲುವೆಗೆ ನೀರು ಬಿಡದಿದ್ದರೆ ಹೆಂಗಸರನ್ನು ಕಟ್ಟಿಕೊಂಡು ಆಲಮಟ್ಟಿಯ ನೀರಾವರಿ ಕಚೇರಿ ಬಾಗಿಲಿಗೇ ಹೋಗಿ ಕೂಡುವವಳು.

"ಫೋನ್ ನೋಡಬ್ಯಾಡ್ರಿ ಅಂತ ಬರಿಯೂ ಕಾಗದದಾಗ ಫೋನಿನ ನಂಬರ್ ಯಾಕೋ ತಮ್ಮಾ?" ಎಂದಳು. ಬುದ್ಧಿ ಅವಳಿಗಿತ್ತು, ನನಗಿರಲಿಲ್ಲ.

"ನಾ ಅದೀನಲ್ಲವ್ವಾ. ಹಾಳಿ ಮತ್ತೊಬ್ಬರ ಕೈಗೆ ಹೋಗೂದಿಲ್ಲ" ಎಂದೆ.

ಅವಳ ನಂಬರು ಅವಳಿಗೇ ಬಾಯಿಗೆ ಬರುತ್ತಿರಲಿಲ್ಲ. ಮಗಳು ಕಾವೇರಿ ಬಾಗಿಲ ಮಗ್ಗುಲ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟಿದ್ದಳು. ಅದನ್ನು ನೋಡಿ ದುಂಡಗೆ ಬರೆದುಕೊಂಡೆ. ರೇವವ್ವ ಹೆಬ್ಬೆಟ್ಟು ಒತ್ತಿದ್ದು ಕಂಡು ಅರವತ್ತೆರಡು ಹೆಂಗಸರು ಸಾಲುಗಟ್ಟಿ ಬಂದು ಒತ್ತಿದರು.

ಮಸೂದೆ ಚರ್ಚೆಗೆ ಬಂದ ದಿನ ನಮ್ಮ ಪಕ್ಷದ ಶಾಸಕರು ಕೂಗಾಡಿ, ಕಾಗದ ಹರಿದೆಸೆದು, ಸದನದಿಂದ ಹೊರಗೆ ನಡೆದರು. ಟಿವಿ ಮುಂದೆ ಕೂತು ನಾವು ಚಪ್ಪಾಳೆ ಹೊಡೆದೆವು. ಒಳಗೆ ಬೇಡ ಅನ್ನುವವರು ಒಬ್ಬರೂ ಉಳಿದಿರಲಿಲ್ಲ, ಐದೇ ನಿಮಿಷಕ್ಕೆ ಪಾಸಾಯಿತು. ಆಗಲೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಎರಡು ತಿಂಗಳ ಮೇಲೆ ಕಾಲುವೆಯ ನೀರು ನಿಂತಿತು. ರೇವವ್ವ ಸೋಮವಾರ ಆಲಮಟ್ಟಿಗೆ ಹೊರಡುವುದೆಂದು ಗೊತ್ತು ಮಾಡಿದಳು. ಸೋಮವಾರ ಬೆಳಿಗ್ಗೆ ಊರ ಅಗಸಿ ಬಾಗಿಲಲ್ಲಿ ಪೊಲೀಸ್ ಜೀಪು ನಿಂತಿತ್ತು. ಫೌಜದಾರನ ಕೈಯಲ್ಲಿ ನಾನು ಬರೆದ ಹಾಳೆಗಳ ಝೆರಾಕ್ಸು. ಅವನು ಮನೆಮನೆಗೆ ಹೋಗಿ, ಹೊಸ ಕಾಯ್ದೆಯಂತೆ ಆ ನಂಬರುಗಳ ಲೆಕ್ಕ ತೆಗೆಸಿ ತಂದು, ಯಾರು ರೇವವ್ವನಿಗೆ ಎಷ್ಟು ಸಲ ಫೋನು ಮಾಡಿದ್ದಾರೆಂದು ಓದಿ ಹೇಳಿ, ಬಸ್ ಹತ್ತಿದರೆ ಕೇಸು ಎಂದ. ಹೋಗುವಾಗ ಆ ಹಾಳೆಗಳನ್ನು ಪಂಚಾಯ್ತಿ ಗೋಡೆಗೆ ಅಂಟಿಸಿದ. ಒಬ್ಬ ಹೆಂಗಸೂ ಆಲಮಟ್ಟಿಗೆ ಹೋಗಲಿಲ್ಲ.

ಸುದ್ದಿ ಕೇಳಿ ಸಾಹೇಬರ ಮನೆಗೆ ಓಡಿದೆ.

"ಹಾಳಿ ನೀವ ಕೊಟ್ರೇನ್ರಿ?"

"ಪೊಲೀಸ್ರು ಕೇಳಿದ್ರು, ಕೊಟ್ಟೆ."

"ಈ ಕಾಯ್ದೆ ಬ್ಯಾಡ ಅಂದವ್ರು ನಾವ ಅಲ್ಲೇನ್ರಿ?"

"ಹುಚ್ಚ ಅದೀಯೋ. ನಾಳೆ ನಮ್ಮ ಸರ್ಕಾರ ಬಂದ್ರ ನಮಗೂ ಬೇಕಲ್ಲೋ ಇದು? ಅದಕ್ಕ ನಮ್ಮವ್ರು ಎದ್ದು ಹೊರಗ ಬಂದ್ರು." ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ನನಗೆ ಹೇಸಿಗೆಯಾಯಿತು. ಕೊಟ್ಟ ಚಹಾ ಮುಟ್ಟದೆ ಎದ್ದು ಯಂಕಂಚಿಗೆ ಹೋದೆ.

ರೇವವ್ವ ಕಟ್ಟೆಯ ಮೇಲೆ ಕೂತಿದ್ದಳು. ಗೋಡೆಯಿಂದ ಕಿತ್ತು ತಂದ ಹಾಳೆಗಳನ್ನು ಕಾವೇರಿ ಓದಿ ಹೇಳುತ್ತಿದ್ದಳು.

"ತಪ್ಪಾತವ್ವಾ. ಅವರು ನನಗೂ ಮೋಸ ಮಾಡಿದ್ರು" ಎಂದೆ.

ಅವಳು ಬೈಯಲಿಲ್ಲ. "ಎಲ್ಲಾ ಓದಿಸೀನಿ ತಮ್ಮಾ. ಇದರಾಗ ನಿನ್ನ ಹೆಸರು ಎಲ್ಲೈತಿ?" ಎಂದಳು.

ಇರಲಿಲ್ಲ. ನಮ್ಮ ಹುಡುಗರು ಸಹಿ ಹಾಕುವುದು ಬೇಡ, ಮುಂದೆ ಯಾವುದಕ್ಕಾದರೂ ಅಡ್ಡ ಬಂದೀತು ಎಂದು ಸಾಹೇಬರು ಮೊದಲೇ ಹೇಳಿದ್ದರು. ನಾನು ಹೂಂ ಅಂದಿದ್ದೆ.