ಎರಡನೇ ಗುಪ್ಪೆಯ ಎಡಕ್ಕೆ

ತಮ್ಮ ಕೋಲ್ಮನ್‌ನ ಬೂಟುಗಳನ್ನು ಎದೆಗವಚಿಕೊಂಡು ಫಿಂಟನ್ ಚರ್ಚಿನ ನಡುದಾರಿಯಲ್ಲಿ ಅರ್ಧ ದೂರ ಬಂದಿದ್ದ. ಪೂಜೆಗೆ ಮೊದಲು ಸತ್ತವನ ಬದುಕಿನ ಒಂದೆರಡು ವಸ್ತುಗಳನ್ನು ಒಯ್ದು ಶವಪೆಟ್ಟಿಗೆಯ ಮುಂದೆ ಇಡಬೇಕಲ್ಲ, ಯಾರು ಏನು ಹೊರಬೇಕೆಂದು ಪಾದ್ರಿಯೇ ತೀರ್ಮಾನಿಸಿದ್ದರು. ಅಣ್ಣನ ಪಾಲಿಗೆ ಬೂಟು ಬಂತು. ಚಾರಣ ಸಂಘದ ಡರ್ವಲಾಗೆ ಅವನು ಬರೆದ ಬೆಟ್ಟದ ನಕ್ಷೆ ಹೋಯಿತು.

ನಕ್ಷೆಯ ಮುಂದೆ ಬೂಟು ಯಾವ ಲೆಕ್ಕ? ಎಪ್ಪತ್ತೊಂದು ವರ್ಷದ ಮುದುಕ, ಹೆಣದ ಎದುರು ಹೊಟ್ಟೆಕಿಚ್ಚು ಪಡುತ್ತಿದ್ದೇನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಆದರೆ ನಾಚಿಕೆಗೆ ಅಂಜಿ ಕಿಚ್ಚೇನೂ ಆರಲಿಲ್ಲ.

ಬೆಂಚುಗಳು ತುಂಬಿ ಜನ ಬಾಗಿಲಾಚೆಗೂ ನಿಂತಿದ್ದರು. ಕಾರ್ಕ್‌ನಿಂದ ಬಂದವರಿದ್ದರು, ಗಾಲ್ವೇಯಿಂದ ಬಂದವರಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು, ಕೋಲ್ಮನ್ ದಾರಿ. ನಾಕ್‌ಗೋರಂ ಬೆಟ್ಟ ಹತ್ತುವುದಕ್ಕೆ ಕಷ್ಟವಲ್ಲ, ಪಡುವಣ ಕಡಲದಂಡೆಯಿಂದ ನಿಧಾನಕ್ಕೆ ಏರಿದರೆ ಮಕ್ಕಳೂ ತುದಿ ಮುಟ್ಟುತ್ತಾರೆ. ಕಷ್ಟವಿರುವುದು ಇಳಿಯುವುದರಲ್ಲಿ. ತುದಿ ಹಾಸುಗಲ್ಲಿನ ಹಾಗೆ ಚಪ್ಪಟೆ, ಮಂಜು ಕವಿದರೆ ನಾಲ್ಕು ದಿಕ್ಕೂ ಒಂದೇ, ಬಡಗಣಕ್ಕೆ ನಾಲ್ಕು ಹೆಜ್ಜೆ ತಪ್ಪಿದರೆ ಕೆಳಗೆ ಕರಿ ಕೆರೆ. ಅಂಥಲ್ಲಿ ದಾರಿ ಗುರುತಿಗೆ ಪೇರಿಸಿದ ಎರಡನೇ ಕಲ್ಲುಗುಪ್ಪೆಯ ಎಡಕ್ಕೆ ಹೊರಳಿ ಇಳಿದೆವು, ಬದುಕಿದೆವು ಎಂದು ಒಬ್ಬೊಬ್ಬರೂ ಫಿಂಟನ್‌ನ ಕೈಹಿಡಿದು ಹೇಳಿದರು. ಅವನು ತಲೆಯಾಡಿಸಿದ. ತಲೆಯಾಡಿಸಿ ಆಡಿಸಿ ಕುತ್ತಿಗೆ ನೋಯತೊಡಗಿತು.

*

ಮೂವತ್ತೊಂದು ವರ್ಷದ ಹಿಂದೆ ಕೋಲ್ಮನ್ ಕುರಿದೊಡ್ಡಿಯ ಗೋಡೆಗೊರಗಿ, ಕಾಗದ ಪೆನ್ಸಿಲು ಹಿಡಿದು ನಿಂತಿದ್ದ. ಆಗ ಅವನು ಊರಿನ ಮೇಷ್ಟ್ರು. ಅಮ್ಮನ ಮುದ್ದು ಅವನದು, ಓದು ಅವನದು, ದಾರಿಯಲ್ಲಿ ಸಿಕ್ಕವರ ನಮಸ್ಕಾರವೂ ಅವನದೇ. ಅಣ್ಣನಿಗೆ ಉಳಿದದ್ದು ಕುರಿ ಮತ್ತು ಬೆಟ್ಟ. ಈಗ ತಮ್ಮ ಬೆಟ್ಟವನ್ನೂ ಕೇಳಿಕೊಂಡು ಬಂದಿದ್ದ.

"ಮಂಜಲ್ಲಿ ನೀನು ಕುರಿ ಇಳಿಸ್ತೀಯಲ್ಲ ಫಿಂಟನ್, ಯಾವ ಕಡೆಯಿಂದ? ಚಾರಣದೋರಿಗೆ ಒಂದು ನಕ್ಷೆ ಮಾಡ್ತಿದೀನಿ."

ಅಜ್ಜನ ಕಾಲದಿಂದ ಕುರಿಗಳು ಇಳಿಯುತ್ತಿದ್ದುದು ಎರಡನೇ ಗುಪ್ಪೆಯ ಬಲಕ್ಕೆ, ತೊರೆಯ ಗುಂಟ. ಎಡಕ್ಕಿದ್ದದ್ದು ಸೊಂಟದಾಳದ ಜೌಗು. ಕುರಿಯೂ ಅತ್ತ ಮೂತಿ ಹಾಕುತ್ತಿರಲಿಲ್ಲ.

"ಎಡಕ್ಕೆ," ಎಂದ ಫಿಂಟನ್.

ಮೇಷ್ಟ್ರು ಸೊಂಟದವರೆಗೆ ಕೆಸರು ಮೆತ್ತಿಕೊಂಡು ಪೇಟೆಯ ನಡುವೆ ನಡೆದು ಬರಲಿ, ಊರು ಒಂದೇ ಒಂದು ಸಲ ಅವನನ್ನು ನೋಡಿ ನಗಲಿ, ಅಷ್ಟೇ ಅವನಿಗೆ ಬೇಕಿದ್ದುದು. ಆ ದಾರಿ ನೋಡಲು ಆಗಲೇ ಬೆಟ್ಟ ಹತ್ತಿದ ಕೋಲ್ಮನ್ ಮಧ್ಯಾಹ್ನ ಕಳೆದರೂ ಬರಲಿಲ್ಲ. ಮಂಜು ಇಳಿಯಿತು. ಫಿಂಟನ್ ಹಗ್ಗ ಹೆಗಲಿಗೇರಿಸಿ ನಾಯಿಯನ್ನು ಕರೆಯುವಷ್ಟರಲ್ಲಿ ತಮ್ಮ ಗೇಟು ತಳ್ಳಿಕೊಂಡು ಬಂದ. ಜೌಗಿನ ಅಂಚಿಗೆ, ಬಂಡೆಯ ಮರೆಯಲ್ಲಿ, ಕೆರೆಯವರೆಗೆ ಓರೆಯಾಗಿ ಇಳಿಯುವ ಗಟ್ಟಿ ಕಲ್ಲುಪಟ್ಟಿಯೊಂದು ಅವನಿಗೆ ಸಿಕ್ಕಿತ್ತು. ಹೊಸಬರೂ ಹೆದರದೆ ಇಳಿಯಬಹುದಾದ ದಾರಿ. ಅಣ್ಣನ ಭುಜ ತಟ್ಟಿ, ಉಪಕಾರವಾಯಿತು ಎಂದು ಹೇಳಿ ಹೊರಟುಹೋದ. ಮರುವರ್ಷ ನಕ್ಷೆ ಅಚ್ಚಾಗಿ ಅಂಚೆಕಚೇರಿಯಲ್ಲಿ ಮಾರಾಟಕ್ಕೆ ಬಂತು. ಫಿಂಟನ್ ಅದನ್ನು ಬಿಚ್ಚಿ ನೋಡಲಿಲ್ಲ, ಆ ದಾರಿ ತುಳಿಯಲೂ ಇಲ್ಲ.

*

ಮಣ್ಣು ಮಾಡಿ ಬಂದ ಮೇಲೆ ಪಬ್ಬಿನಲ್ಲಿ ಸೂಪು, ಹ್ಯಾಮ್ ಸ್ಯಾಂಡ್‌ವಿಚ್ಚು, ಚಹಾ. ಡರ್ವಲಾ ತಟ್ಟೆ ಹಿಡಿದು ಅವನ ಪಕ್ಕವೇ ಬಂದು ಕೂತಳು. ಬೇಸಿಗೆಯ ಬೆಳಕು ಇನ್ನೂ ಬೇಕಾದಷ್ಟಿದೆ, ಸಂಘದವರೆಲ್ಲ ಈಗಲೇ ನಾಕ್‌ಗೋರಂ ಹತ್ತುತ್ತಾರೆ, ಮುಂದೆ ಫಿಂಟನ್ನೇ ನಡೆಯಬೇಕು ಎಂದಳು.

"ನಾನ್ಯಾಕೆ? ದಾರಿ ಅವನ ಹೆಸರಲ್ಲಿದೆ."

"ಜನ ಇಟ್ಟ ಹೆಸರು ಅದು. ಮೇಷ್ಟ್ರು ಬರೆದಿದ್ದು ಬೇರೆ." ಅವಳು ಮೇಜಿನ ಮೇಲೆ ನಕ್ಷೆ ಹರವಿದಳು. ಚುಕ್ಕೆಗೆರೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಈ ದಾರಿ ತೋರಿಸಿದವನು ನನ್ನ ಅಣ್ಣ ಫಿಂಟನ್.

ಅವನು ಎರಡು ಸಲ ಓದಿದ. ಮೈಯೆಲ್ಲ ಉರಿದುಹೋಯಿತು.

"ಸುಳ್ಳು," ಎಂದ. "ನಾನು ತೋರಿಸ್ಲಿಲ್ಲ. ಕೆಸರಲ್ಲಿ ಹೂತ್ಕೊಳ್ಳಿ ಅಂತ ಎಡಕ್ಕೆ ಕಳಿಸ್ದೆ. ಬೇಕೂಂತ್ಲೇ ಕಳಿಸ್ದೆ."

ಸುತ್ತ ಕೂತವರ ಚಮಚದ ಸದ್ದು ನಿಂತಿತು. ಡರ್ವಲಾ ಮಾತ್ರ ಚಹಾಕ್ಕೆ ಹಾಲು ಬೆರೆಸುತ್ತಲೇ ಇದ್ದಳು.

"ಗೊತ್ತು ನಮಗೆ. ಆ ತಿರುವಿಗೆ ಬಂದಾಗೆಲ್ಲ ಹೇಳೋರು, ನಮ್ಮಣ್ಣ ನನ್ನ ಮುಳುಗಿಸೋಕೆ ಕಳಿಸಿದ ದಾರಿ ಇದು, ಬನ್ನಿ ಅಂತ. ನಾವೆಲ್ಲ ನಗ್ತಿದ್ವಿ. ಆಮೇಲೆ, ಮುಂದಿನ ಸಲ ಅವನೂ ಬರ್ತಾನೆ ನೋಡ್ತಿರಿ ಅನ್ನೋರು. ಪ್ರತಿ ವರ್ಷ ಅದೇ ಮಾತು."

ಫಿಂಟನ್‌ಗೆ ಅಳು ಬರಬೇಕಿತ್ತು, ಬರಲಿಲ್ಲ. ಬಂದದ್ದು ಅದೇ ಹಳೆಯ ಕಿಚ್ಚು. ಜನ್ಮದಲ್ಲಿ ತಾನು ಮಾಡಿದ್ದು ಒಂದೇ ಒಂದು ದೊಡ್ಡ ಕೆಟ್ಟತನ. ತಮ್ಮ ಅದನ್ನೂ ಕಸಿದುಕೊಂಡು, ಒಳ್ಳೆಯದು ಮಾಡಿ, ಊರಿಗೆಲ್ಲ ಹಂಚಿಬಿಟ್ಟಿದ್ದ. ಇನ್ನು ಜಗಳವಾಡೋಣವೆಂದರೆ ಆಸಾಮಿಯೇ ಇಲ್ಲ.

ಅವನು ಕುರ್ಚಿ ಹಿಂದಕ್ಕೆ ದೂಡಿ ಎದ್ದ. ಮಂಜು ಬರುತ್ತದೆ, ಹೊರಡುವುದಾದರೆ ಈಗಲೇ ಹೊರಡಿ ಎಂದು ಗದರಿದ.

ಕಡಲದಂಡೆಯಿಂದ ತುದಿಯವರೆಗೆ ಅವನನ್ನು ಹಿಂದೆ ಹಾಕಲು ಯಾರಿಂದಲೂ ಆಗಲಿಲ್ಲ. ಅರ್ಧ ವಯಸ್ಸಿನವರೂ ಏದುಸಿರು ಬಿಡುತ್ತ, ಮುದುಕನ ಕಾಲಿಗೆ ಏನು ಕಟ್ಟಿದ್ದಾರೆ ಎಂದು ಗೊಣಗಿದರು. ತುದಿಯಲ್ಲಿ ನಿಂತು ಎಲ್ಲರೂ ಕೋಲ್ಮನ್ ನೆನಪಿಗೆ ಒಂದೊಂದು ಕಲ್ಲು ಇಟ್ಟರು. ಇಳಿಯುವಾಗ ಎರಡನೇ ಗುಪ್ಪೆಯ ಹತ್ತಿರ ಮಂಜು ಬಂದು ಮುತ್ತಿತು. ಬಲಕ್ಕೆ ತೊರೆಯ ಸದ್ದು, ಕಣ್ಣು ಮುಚ್ಚಿಯೂ ಅವನು ಇಳಿಯಬಲ್ಲ ದಾರಿ. ಎಡಕ್ಕೆ ಏನೂ ಕಾಣದು. ಹಿಂದೆ ಹದಿನೆಂಟು ಜನ ಕೋಲೂರಿಕೊಂಡು, ಅವನ ಬೆನ್ನನ್ನೇ ನೋಡುತ್ತ ಕಾದರು.

ಫಿಂಟನ್ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

"ನೀನು ಮುಂದೆ ನಡಿಯಮ್ಮ," ಎಂದ ಡರ್ವಲಾಗೆ. "ಈ ಕಡೆ ನಾನು ಯಾವತ್ತೂ ಬಂದಿಲ್ಲ."

ಅವಳು ಎಡಕ್ಕೆ ಹೊರಳಿದಳು. ಮಂಜಿನಲ್ಲಿ ಅವಳ ಬೆನ್ನಿನ ಕೆಂಪು ಚೀಲವೊಂದೇ ಕಾಣುತ್ತಿತ್ತು. ಅದು ತಪ್ಪಿಹೋಗದ ಹಾಗೆ ಕಣ್ಣಿಟ್ಟು, ಅವಳು ಕಾಲಿಟ್ಟಲ್ಲೇ ಕಾಲಿಡುತ್ತ, ಅರವತ್ತು ವರ್ಷ ಆ ಬೆಟ್ಟದಲ್ಲಿ ಕುರಿ ಕಾಯ್ದವನು ಸಾಲಿನಲ್ಲಿ ಎರಡನೆಯವನಾಗಿ ಇಳಿದ.