ನಾನು ನುಂಗಿದ ಅಕ್ಕನ ಚಿನ್ನ

ಮೊದಲೇ ಹೇಳಿಬಿಡುತ್ತೇನೆ, ನಾನು ಬೇಗ ಗಾಬರಿಯಾಗುವ ಜಾತಿ. ಹುಟ್ಟಿದ್ದೇ ಹಾಗೆ. ಕಾರ್ಖಾನೆಯಲ್ಲಿ ನನ್ನ ಮೋಟಾರು, ಮೂತಿ, ಹೊಟ್ಟೆ ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದರು. 'ರೊಯ್ಯ್' ಎಂದು ಒಂದು ಕೂಗು ಹೊರಟಿತು. ಯಾರಪ್ಪಾ ಹೀಗೆ ಅರಚುವುದು ಎಂದು ಬೆಚ್ಚಿಬಿದ್ದೆ. ನೋಡಿದರೆ ಅದು ನಾನೇ! ಮನುಷ್ಯರ ಮಗುವಿಗೆ ಹುಟ್ಟಿದ ಕೂಡಲೇ ಜೇನುತುಪ್ಪ ನೆಕ್ಕಿಸುತ್ತಾರಂತೆ. ನನ್ನ ಮೂತಿಗೆ ಹಿಡಿದದ್ದು ಒಂದು ಹಿಡಿ ಧೂಳು. ಎಳೆದುಕೊಂಡೆ. ಪಾಸು ಎಂದು ಬೆನ್ನಿಗೆ ಚೀಟಿ ಅಂಟಿಸಿ ಪೆಟ್ಟಿಗೆಗೆ ಹಾಕಿದರು. ಮೊಳದುದ್ದದ ಕೈ ವ್ಯಾಕ್ಯೂಮ್ ಕ್ಲೀನರ್ ನಾನು. ಮನೆಯಲ್ಲಿ ಅಲ್ಲಲ್ಲಿ ಚೆಲ್ಲುವ ಚಿಲ್ಲರೆ ಕಸಕ್ಕೆಂದೇ ಹುಟ್ಟಿದ ಜೀವ.

ಕಣ್ಣು ಬಿಟ್ಟದ್ದು ದಾವಣಗೆರೆಯ ಒಂದು ಅಂಗಡಿಯಲ್ಲಿ, ಮಿಕ್ಸಿ ಇಸ್ತ್ರಿಪೆಟ್ಟಿಗೆಗಳ ನಡುವೆ. ಒಂದು ಸಂಜೆ ಇಬ್ಬರು ಬಂದರು. ಒಬ್ಬಳು ವನಮಾಲಾ, ಮದುವೆಯಾಗಿ ಇನ್ನೂ ವರ್ಷ ತುಂಬದ ಸೊಸೆ. ಜೊತೆಗೆ ಅವಳ ಮಾವ ಮೌನೇಶಾಚಾರ್ರು, ಬಂಗಾರದ ಕೆಲಸದವರು. ಅವಳ ಗಂಡ ಬಸ್ ಕಂಡಕ್ಟರ್, ಮನೆಯಲ್ಲಿರುವುದಕ್ಕಿಂತ ದಾರಿಯಲ್ಲಿರುವುದೇ ಹೆಚ್ಚು. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಹಾಗಾಗಿ ಸಾಮಾನು ಆರಿಸುವುದಕ್ಕೆ ಮಾವ ಸೊಸೆಯೇ ಹೊರಟಿದ್ದರು.

"ದೊಡ್ಡದು ತಗೊಳ್ರಿ ಅಕ್ಕಾರೆ, ಇಡೀ ಮನೆ ಕ್ಲೀನಾಗ್ತೈತಿ" ಎಂದ ಅಂಗಡಿಯವನು.

"ಇಡೀ ಮನೆಗೆ ಪೊರಕೆ ಐತಲ್ಲಪ್ಪ. ನಮಗೆ ಬೇಕಾಗಿರೋದು ಮಂಡಕ್ಕಿಗೆ" ಎಂದಳು ವನಮಾಲಾ.

ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು, ಆ ಊರಿನಲ್ಲಿ ಸಂಜೆಯಾದರೆ ಮಂಡಕ್ಕಿ ತಿನ್ನದ ಮನೆಯಿಲ್ಲ, ತಿನ್ನುವಾಗ ಚೆಲ್ಲದ ಮನುಷ್ಯನೂ ಇಲ್ಲ. ಸೋಫಾ ಸಂದಿಯಲ್ಲಿ ಮಂಡಕ್ಕಿ, ದಿಂಬಿನ ಕೆಳಗೆ ಮಂಡಕ್ಕಿ. ಪೊರಕೆ ಆಡಿಸಿದರೆ ಹಗುರವಾದ ಕಾಳು ಹಾರಿ ಇನ್ನೊಂದು ಮೂಲೆಗೆ ಹೋಗಿ ಕೂರುತ್ತದೆ. ವನಮಾಲಾ ಚೀಲದಿಂದ ಒಂದು ಪೊಟ್ಟಣ ತೆಗೆದು ಅಂಗಡಿಯ ಸೋಫಾದ ಮೇಲೇ ಸುರಿದಳು ನೋಡಿ, ಅಬ್ಬಬ್ಬಾ! ಅಂಗಡಿಯವನ ಮುಖ ನೋಡಬೇಕಿತ್ತು. ಮೊದಲ ಯಂತ್ರ ತಿಂದದ್ದಕ್ಕಿಂತ ತಳ್ಳಿದ್ದೇ ಹೆಚ್ಚು, ಸಾಲದ್ದಕ್ಕೆ ಅದರ ವೈರು ಅವಳ ಕಾಲಿಗೆ ಸುತ್ತಿಕೊಂಡಿತು. ಎರಡನೆಯದನ್ನು ಎತ್ತಿದ ಕೂಡಲೇ "ಅಯ್ಯೋ, ಕೈ ಮುರಿದುಹೋಗ್ತೈತಿ" ಎಂದು ಕೆಳಗಿಟ್ಟಳು. ಕೊನೆಗೆ ನಾನು. ಹೆದರಿಕೊಂಡೇ ಒಂದು ಕಾಳೂ ಬಿಡದೆ ನುಂಗಿದೆ.

ಆಚಾರ್ರು ಅಷ್ಟಕ್ಕೆ ಒಪ್ಪುವವರಲ್ಲ. ಬಿಳಿ ಕರವಸ್ತ್ರ ತೆಗೆದು ನನ್ನ ಹಿಂಭಾಗಕ್ಕೆ ಹಿಡಿದು, "ಇನ್ನೊಂದು ಸಲ ಚಾಲು ಮಾಡು" ಎಂದರು. ಎಂಥ ಅವಮಾನ! "ಮುಂದಿಂದ ತಿಂದು ಹಿಂದಿಂದ ಊದೋ ಮಿಷನ್ ಆದ್ರೆ ಏನುಪಯೋಗ? ಕಸ ಹೊಟ್ಟೇಲೇ ನಿಲ್ಲಬೇಕು." ಕರವಸ್ತ್ರ ಬೆಳ್ಳಗೇ ಉಳಿಯಿತು. ಅಂಗಡಿಯವನು ನನ್ನ ಹೊಟ್ಟೆ ಬಿಚ್ಚಿ ಒಳಗಿನ ಬಟ್ಟೆಯ ಫಿಲ್ಟರ್ ತೋರಿಸಿ, "ಇದನ್ನ ವಾರಕ್ಕೊಂದು ಸಲ ತೊಳೀಬೇಕ್ರಿ" ಎಂದ. ವನಮಾಲಾ ಆಯಿತು ಎಂದಳು. ತೊಳೆಯುವವಳಲ್ಲ ಎಂದು ನನಗೆ ಅವಳ ಮುಖ ನೋಡಿಯೇ ಗೊತ್ತಾಯಿತು.

ಹೀಗೆ ನಾನು ಆಚಾರ್ರ ಮನೆ ಸೇರಿದೆ. ಚಿಕ್ಕ ಮನೆ. ಮುಂದಿನ ಕೋಣೆಯೇ ಕೆಲಸದ ಜಾಗ. ಅಲ್ಲಿ ಮರದ ಮಣೆ, ಅದರ ಮೇಲೆ ಅರ, ಇಕ್ಕಳ, ಊದುಗೊಳವೆ. ಮಣೆಯ ಹಿಂದೆ ಆಚಾರ್ರು, ಮೂಗಿನ ತುದಿಗೆ ಕನ್ನಡಕ. ಒಳಗೆ ಅಡುಗೆಮನೆ, ನನ್ನ ರಾಜ್ಯ. ಒಡೆದ ಸಾಸಿವೆ ಡಬ್ಬಿ, ಕನ್ನಡಿ ಕೆಳಗಿನ ಕೂದಲು, ಬೆಲ್ಲಕ್ಕೆ ಮುತ್ತಿದ ಇರುವೆ. ಇರುವೆ ನುಂಗಿದ ದಿನ ಹೊಟ್ಟೆಯೊಳಗೆಲ್ಲ ಓಡಾಟ, ಹರಹರಾ, ಆ ಸಂಕಟ ಶತ್ರುವಿಗೂ ಬೇಡ. ವನಮಾಲಾ ಒಳ್ಳೆಯವಳು. ನನ್ನನ್ನು ಹಿಡಿದು ಕೆಲಸ ಮಾಡುವಾಗ ನನ್ನ ಕೂಗನ್ನೂ ಮೀರಿಸಿ ಹಾಡುತ್ತಿದ್ದಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ವನಮಾಲಾ ಹರಿಹರದ ಬಡಗಿ ಮನೆಯ ಮಗಳು. ಕುಲವೇನೋ ಒಂದೇ, ಕಸುಬು ಬೇರೆ. ಬಡಗಿ ಮನೆಯಲ್ಲಿ ಕಸ ಎಂದರೆ ಮರ ಹೆರೆದ ಹೊಟ್ಟು, ಬಚ್ಚಲ ಒಲೆಗೆ ಹೋಗುವ ವಸ್ತು. ಅಕ್ಕಸಾಲಿಗರ ಮನೆಯಲ್ಲಿ ಕಸ ಎಂದರೆ ಅರ ಉಜ್ಜಿದಾಗ ಉದುರುವ ಬಂಗಾರದ ಪುಡಿ. ಅದನ್ನು ಮೊಲದ ಕೂದಲಿನ ಕುಂಚದಲ್ಲಿ ಗುಡಿಸಿ ಮಣೆ ಕೆಳಗಿನ ಡಬ್ಬಿಯಲ್ಲಿ ಜೋಪಾನವಾಗಿಡುತ್ತಾರೆ, ಮತ್ತೆ ಕರಗಿಸುತ್ತಾರೆ. ಈ ಮನೆಯಲ್ಲಿ ಇದು ಎಲ್ಲರಿಗೂ ಹುಟ್ಟಿನಿಂದಲೇ ಗೊತ್ತು. ಹಾಗಾಗಿ ಸೊಸೆಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಆಚಾರ್ರ ಅಕ್ಕ ಕಾಳಮ್ಮ ಒಂದು ದಿನ ಬಂದರು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಸೆರಗಿನ ಗಂಟು ಬಿಚ್ಚಿ ಎರಡು ಬಳೆ ತೆಗೆದು ಮಣೆಯ ಮೇಲಿಟ್ಟರು. ಅವು ಅವರ ತಾಯಿಯ ಬಳೆಗಳು. ಮಗಳು ಸಿಂಧುವಿಗೆ ಮದುವೆ ಗೊತ್ತಾಗಿತ್ತು.

"ಅವ್ವನ ಬಂಗಾರ ಕಣೋ ಮೌನೇಶಾ. ಇದರಾಗೇ ತಾಳಿ ಆಗಬೇಕು. ನಮ್ಮ ಮನೆಯವರು ದೊಡ್ಡ ಅಂಗಡಿಗೆ ಕೊಡು ಅಂದ್ರು. ನನ್ನ ತಮ್ಮ ಇರೋವಾಗ ಅಂಗಡಿ ಯಾಕೆ ಅಂದೆ."

ಆಚಾರ್ರು ಬಳೆಗಳನ್ನು ಕಣ್ಣಿಗೊತ್ತಿಕೊಂಡು, ತೂಗಿ, ಅಕ್ಕನಿಗೆ ತೂಕ ತೋರಿಸಿದರು. "ಅವ್ವನದು ಒಂದು ಚೂರೂ ಆಚೆ ಹೋಗಲ್ಲ ಅಕ್ಕ. ತಾಳಿ, ಉಳಿದ ತುಂಡು, ಕಸ, ಮೂರನ್ನೂ ಸೇರಿಸಿ ನಿನ್ನ ಮುಂದೇ ತೂಗಿ ಕೊಡ್ತೀನಿ."

ಬಳೆ ಕರಗಿತು, ತಗಡಾಯಿತು. ಆಚಾರ್ರು ಊಟ ನಿದ್ದೆ ಮರೆತು ಅರ ಉಜ್ಜಿದರು. ತಾಳಿ ಸಿದ್ಧವಾದ ಸಂಜೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೂತಲ್ಲೇ ಒಗ್ಗರಣೆ ಮಂಡಕ್ಕಿ ತಿಂದು, ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ಮಣೆಯ ಮೇಲೆ ಅರದ ಪುಡಿ ಹಾಗೇ ಇತ್ತು. ಅದರ ಮೇಲೆ ಮಂಡಕ್ಕಿ, ಕಡಲೆ, ಕೊತ್ತಂಬರಿ ಎಲೆ. ವನಮಾಲಾ ಬಂದು ನೋಡಿ ಲೊಚಗುಟ್ಟಿದಳು. ಪಾಪ, ವಯಸ್ಸಾದವರು, ಬಗ್ಗಿ ಬಳಿಯುವುದು ಕಷ್ಟ ಎಂದುಕೊಂಡು ನನ್ನನ್ನು ಕೈಗೆತ್ತಿಕೊಂಡಳು.

"ಮಾವಾ, ಮಣೆ ಮೇಲೆ ಕಸ ಬಿದ್ದೈತಿ. ತೆಗೀಲಾ?"

ಬಚ್ಚಲಿಂದ ನೀರಿನ ಸದ್ದಿನ ನಡುವೆ ಉತ್ತರ ಬಂತು. "ಹ್ಞೂ ಕಣವ್ವ, ಕಸ ತೆಗೆದು ಡಬ್ಬಿಗೆ ಹಾಕು."

ನನ್ನ ಗುಂಡಿ ಒತ್ತಿದಳು. ಮಂಡಕ್ಕಿ ಬಂತು, ಕಡಲೆ ಬಂತು, ಆಮೇಲೆ ಬಂತು ನೋಡಿ, ತಣ್ಣಗೆ, ಭಾರವಾಗಿ, ನಾನು ಹುಟ್ಟಿದಾಗಿನಿಂದ ಕಂಡು ಕೇಳರಿಯದ ಒಂದು ಪುಡಿ! ಧೂಳು ಹೀಗಿರುವುದಿಲ್ಲ. ಧೂಳಿಗೆ ತೂಕವಿರುವುದಿಲ್ಲ. ಅಯ್ಯಯ್ಯೋ, ಇದು ಕಸವಲ್ಲ ಕಣೇ, ನಿಲ್ಲಿಸೇ ತಾಯಿ ಎಂದು ಬಾಯಿ ಬಡಿದುಕೊಂಡೆ. ನಾನು ಬಾಯಿ ಬಡಿದುಕೊಂಡರೂ 'ರೊಯ್ಯ್', ಸುಮ್ಮನೆ ಕೆಲಸ ಮಾಡಿದರೂ 'ರೊಯ್ಯ್'. ಅವಳು ಮಣೆಯ ಸಂದಿಗೂ ನನ್ನ ಮೂತಿ ಹಾಕಿ, ಕನ್ನಡಿಯ ಹಾಗೆ ಮಾಡಿ, ಅಡುಗೆಮನೆಯ ಕಸದ ಡಬ್ಬಿಗೆ ನನ್ನ ಹೊಟ್ಟೆ ಬಗ್ಗಿಸಿ ತಟ್ಟಿದಳು. ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬಂತು. ಡಬ್ಬಿ ಖಾಲಿಯಾಯಿತು.

ಕಾಳಮ್ಮ ಬಂದಾಗ ಆಚಾರ್ರಿಗೆ ಏನೂ ಗೊತ್ತಿರಲಿಲ್ಲ. ಸೊಸೆ ಮಣೆ ಸ್ವಚ್ಛ ಮಾಡಿದ್ದಾಳೆ, ಪುಡಿ ಮಣೆ ಕೆಳಗಿನ ಡಬ್ಬಿಯಲ್ಲಿದೆ ಎಂದೇ ನಂಬಿದ್ದರು. ತಾಳಿ ನೋಡಿ ಅಕ್ಕನ ಕಣ್ಣಲ್ಲಿ ನೀರು ತುಂಬಿತು. ತಕ್ಕಡಿಗೆ ತಾಳಿ ಹಾಕಿದರು, ಉಳಿದ ತುಂಡು ಹಾಕಿದರು. ಮಣೆ ಕೆಳಗಿನ ಡಬ್ಬಿ ತೆಗೆದರು. ಒಳಗೆ ಕುಂಚವೊಂದೇ ಇತ್ತು.

"ವನಮಾಲಾ, ನಿನ್ನೆ ಕಸ ಯಾವ ಡಬ್ಬಿಗೆ ಹಾಕಿದೆಯವ್ವಾ?"

"ಕಸದ ಡಬ್ಬಿಗೇ ಹಾಕಿದೆ ಮಾವ. ಗಾಡಿಗೂ ಕೊಟ್ಟಾತು."

ಆಚಾರ್ರ ಕೈಯಲ್ಲಿದ್ದ ಡಬ್ಬಿ ಠಣ್ಣೆಂದು ನೆಲಕ್ಕೆ ಬಿತ್ತು. ವನಮಾಲಾ ಅವರ ಮುಖ ನೋಡಿದಳು, ಮಣೆ ನೋಡಿದಳು, ಅಡುಗೆಮನೆ ಬಾಗಿಲ ಗೂಟಕ್ಕೆ ತೂಗುತ್ತಿದ್ದ ನನ್ನನ್ನು ನೋಡಿದಳು. ಅವಳಿಗೆ ಆಗ ಹೊಳೆಯಿತು. ಬಾಯಿಗೆ ಕೈ ಅಡ್ಡ ಹಿಡಿದು ಕಾಳಮ್ಮನ ಕಡೆ ತಿರುಗಿದಳು. "ಅತ್ತೇರೆ, ನಂದೇ ತಪ್ರಿ. ನನಗೆ ಗೊತ್ತಿರಲಿಲ್ರಿ. ಆ ಮಿಷನ್ ಎಳಕೊಂಡು ಬಿಡ್ತು."

ನಿಜ ಹೇಳಿದಳು. ಆದರೆ ಆ ನಿಜ ಎಷ್ಟು ಹಸಿ ಸುಳ್ಳಿನ ಹಾಗೆ ಕೇಳಿಸಿತು ಎಂದರೆ, ಕೇಳಿದ ನನಗೇ ನಂಬಿಕೆ ಬರಲಿಲ್ಲ. ಅಕ್ಕಸಾಲಿಗರ ಮನೆಯಲ್ಲಿ ಬಂಗಾರವನ್ನು ಮಿಷನ್ ನುಂಗಿತಂತೆ! ಕಾಳಮ್ಮನ ಮುಖದಲ್ಲಿದ್ದ ಮೃದುತ್ವ ಎಲ್ಲ ಹೋಯಿತು.

"ಮಿಷನ್ ತಿಂತಾ? ಮನೆಗೆ ಹೋಗಿ ಹಂಗೇ ಹೇಳಲಾ? ಸೊಸೆ ಬಾಯಾಗೆ ಇದನ್ನ ಆಡಿಸ್ತೀಯೇನೋ?" ಎಂದರು. ಒಂದು ಉಸಿರು ಎಳೆದುಕೊಂಡು, "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತ ಲೋಕ ಸುಮ್ಮನೆ ಹೇಳಲ್ಲ ಬಿಡು" ಎಂದುಬಿಟ್ಟರು.

ರಾಮರಾಮಾ! ಊರವರು ಆಡಲಿ, ಗಿರಾಕಿಗಳು ಆಡಲಿ, ಆ ಗಾದೆಯನ್ನು ಅಕ್ಕಸಾಲಿಗರ ಮನೆಯೊಳಗೆ ಯಾರೂ ಆಡುವುದಿಲ್ಲ. ಅವರ ಅಪ್ಪ ಆ ಮಾತಿಗೆ ಹೆದರಿ ಹೆದರಿಯೇ ಬಾಳಿದವರು. ಆಡಿದ್ದು ಅದೇ ಅಪ್ಪನ ಮಗಳು, ಕೇಳಿಸಿಕೊಂಡದ್ದು ಅದೇ ಅಪ್ಪನ ಮಗ. ಆಡಿದ ಮೇಲೆ ಕಾಳಮ್ಮನೇ ಬೆಚ್ಚಿಬಿದ್ದರು. ಎಂಥ ಕಸವನ್ನಾದರೂ ಎಳೆದುಕೊಳ್ಳುವ ನನಗೆ ಆ ಒಂದು ಮಾತನ್ನು ಎಳೆದುಕೊಳ್ಳಲು ಆಗಲಿಲ್ಲವಲ್ಲ ಎಂದು ಹೊಟ್ಟೆ ಉರಿದುಹೋಯಿತು.

ಆಚಾರ್ರು ಎದ್ದು ಬಂದು ನನ್ನನ್ನು ಗೂಟದಿಂದ ಇಳಿಸಿ ಹೊಟ್ಟೆ ಬಿಚ್ಚಿದರು. ಒಳಗಿನ ಬಟ್ಟೆಯನ್ನು ವನಮಾಲಾ ಕೊಂಡ ದಿನದಿಂದ ಒಮ್ಮೆಯೂ ತೊಳೆದಿರಲಿಲ್ಲ. ಅವಳ ಸೋಮಾರಿತನಕ್ಕೆ ಕೈ ಮುಗಿಯಬೇಕು! ಒಗ್ಗರಣೆಯ ಎಣ್ಣೆ ಹತ್ತಿ ಬಟ್ಟೆ ಜಿಡ್ಡುಗಟ್ಟಿತ್ತು, ಜಿಡ್ಡಿಗೆ ಅಂಟಿದ ಏನೋ ಅಲ್ಲಲ್ಲಿ ಮಿನುಗುತ್ತಿತ್ತು. ಆಚಾರ್ರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅಕ್ಕ, ಇಲ್ಲಿ ಬಂದು ಎದುರಿಗೆ ಕೂರು" ಎಂದರು.

"ಯಾಕೋ?"

"ಗಿರಾಕಿಗಳು ಕೂರ್ತಾರೆ. ಬಂಗಾರ ಕರಗಿಸೋವಾಗ ಕಣ್ಣು ಪಿಳುಕಿಸದೆ ನನ್ನ ಕೈಯನ್ನೇ ನೋಡ್ತಿರ್ತಾರೆ. ನೀನೂ ನೋಡು."

"ಬ್ಯಾಡ ಕಣೋ..."

"ಕೂರು."

ಕಾಳಮ್ಮ ಕೂತರು. ಬಟ್ಟೆ ಸುಟ್ಟು ಬೂದಿಯಾಯಿತು. ನನ್ನ ಹೊಟ್ಟೆಯದೇ ಒಂದು ಭಾಗ ಉರಿಯುವುದನ್ನು ನೋಡಿ ನಾನು ನಡುಗಿದೆ. ಬೂದಿಯನ್ನು ಬಂಗಾರ ಕರಗಿಸುವ ಮೂಸೆಗೆ ಹಾಕಿ, ಕಲ್ಮಶ ಬಿಡಿಸುವ ಬಿಳಿಗಾರ ಉದುರಿಸಿ, ಊದುಗೊಳವೆಯಿಂದ ಆಚಾರ್ರು ಊದಿದರು. ಕೆನ್ನೆಯ ನರ ಉಬ್ಬಿ ಬಂತು. ಮೂಸೆ ಕೆಂಪಾಯಿತು, ಬಿಳಿಯಾಯಿತು. ತಣ್ಣಗಾದ ಮೇಲೆ ಬಗ್ಗಿಸಿ ತಟ್ಟಿದರೆ ಸಾಸಿವೆ ಕಾಳಿನಷ್ಟು ಒಂದು ಹಳದಿ ಗುಂಡು ಅಂಗೈಗೆ ಉರುಳಿತು. ಅಬ್ಬಾ, ಅದು ನನ್ನೊಳಗಿತ್ತು!

"ತಪ್ಪಾತು ಕಣೋ ಮೌನೇಶಾ" ಎಂದು ಕಾಳಮ್ಮ ತಮ್ಮನ ಕೈ ಹಿಡಿಯಲು ಹೋದರು. ಆಚಾರ್ರು ಕೈ ಹಿಂದಕ್ಕೆ ತೆಗೆದುಕೊಂಡರು. ಆ ಗುಂಡನ್ನೂ ತಕ್ಕಡಿಗೆ ಹಾಕಿದರು. ಇನ್ನೂ ಕಡಿಮೆ ಬಂತು. ತಮ್ಮ ಬೆರಳಿನ ಉಂಗುರ ತೆಗೆದು, ಅದರಿಂದ ಒಂದು ತುಂಡು ಕತ್ತರಿಸಿ ಮುಳ್ಳು ನಡುವಿಗೆ ಬರುವವರೆಗೆ ಸೇರಿಸಿದರು.

"ಬ್ಯಾಡವೋ, ನನಗೆ ನಂಬಿಕೆ ಬಂತು ಕಣೋ" ಎಂದು ಕಾಳಮ್ಮ ಅಳುತ್ತಿದ್ದರು.

"ನೋಡ್ತಾ ಇರು ಅಕ್ಕ, ತಕ್ಕಡಿ ನೋಡ್ತಾ ಇರು" ಎಂದಷ್ಟೇ ಹೇಳಿದರು ಆಚಾರ್ರು. ವನಮಾಲಾ ಬಾಗಿಲ ಸಂದಿಯಲ್ಲಿ ನಿಂತು ಸೆರಗು ಕಚ್ಚಿಕೊಂಡಿದ್ದಳು.

ಮದುವೆಯಾಯಿತು. ಆಚಾರ್ರು ಹೋಗಿ ಅಕ್ಷತೆ ಹಾಕಿ, ಉಂಡು ಬಂದರು. ಅಕ್ಕನ ವಿಷಯ ಮಾತ್ರ ಯಾರೂ ಎತ್ತುವಂತಿರಲಿಲ್ಲ. ಸೊಸೆಗೆ ಒಂದು ಕೆಟ್ಟ ಮಾತು ಆಡಲಿಲ್ಲ. ತೂಗಿ ಕೊಟ್ಟ ಮಾರನೆಯ ದಿನವೇ ಅವಳನ್ನು ಮಣೆಯ ಪಕ್ಕ ಕೂರಿಸಿಕೊಂಡು, "ಇದು ಕಸ, ಇದು ಕಸ ಅಲ್ಲ" ಎಂದು ಒಂದೊಂದನ್ನೇ ತೋರಿಸಿದರು. ಅವಳು ಹಳೆಯ ಪಂಚೆಯ ತುಂಡಿನಿಂದ ನನಗೆ ಹೊಸ ಫಿಲ್ಟರ್ ಹೊಲಿದಳು. ಆ ಪಂಚೆಯಲ್ಲೇ ಉಸಿರಾಡುತ್ತಾ ಬಹಳ ಕಾಲ ದುಡಿದೆ. ಆದರೆ ಮಣೆಯ ಹತ್ತಿರ ನನ್ನನ್ನು ಮತ್ತೆ ಬಿಡಲಿಲ್ಲ.

ಈಗ ನನಗೆ ವಯಸ್ಸಾಯಿತು. ಬ್ಯಾಟರಿ ನಿಲ್ಲುವುದಿಲ್ಲ, ಕೂಗಲು ಹೋದರೆ ಕೆಮ್ಮು ಬರುತ್ತದೆ. ವನಮಾಲಾ ಬೇರೆಯದನ್ನು ತಂದಿದ್ದಾಳೆ. ನನ್ನನ್ನು ಗುಜರಿಗೆ ಹಾಕಲು ಮಾತ್ರ ಆಚಾರ್ರು ಬಿಡುವುದಿಲ್ಲ. "ಅವ್ವನ ಬಂಗಾರ ಇನ್ನೂ ಒಂಚೂರು ಅದರ ಒಳಗೆ ಎಲ್ಲೋ ಐತಿ" ಎನ್ನುತ್ತಾರೆ. ಹಾಗಾಗಿ ಈಗ ಮುಂದಿನ ಕೋಣೆಯ ಗೂಟಕ್ಕೆ ತೂಗುತ್ತಿದ್ದೇನೆ. ಅಲ್ಲಿಂದಲೇ ಮೊನ್ನೆ ಮಧ್ಯಾಹ್ನ ಕಂಡದ್ದು ಇದು. ಗಾಬರಿಯಲ್ಲೇ ಬಾಳಿದ ನಾನೂ ಇಂಥದ್ದನ್ನು ಕಂಡಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಕಾಳಮ್ಮ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮುರಿದ ಓಲೆಯೊಂದನ್ನು ಮಣೆಯ ಮೇಲಿಟ್ಟು, "ಬೆಸುಗೆ ಬಿಟ್ಟೈತಿ" ಎಂದರು. ಆಚಾರ್ರು ಓಲೆಯನ್ನು ನೋಡಿದರು, ಅಕ್ಕನ ಮುಖ ನೋಡಲಿಲ್ಲ. "ಕೂರು" ಎಂದು ಗಿರಾಕಿಗಳು ಕೂರುವ ಎದುರಿನ ಚಾಪೆ ತೋರಿಸಿದರು.

ಕಾಳಮ್ಮ ಚಾಪೆಯ ಮೇಲೆ ನಿಧಾನವಾಗಿ ಕೂತರು. ಕೂತವರು ಹಾಗೇ ತಿರುಗಿ, ತಮ್ಮನ ಕಡೆಗೆ ಬೆನ್ನು ಹಾಕಿದರು.

ಆಚಾರ್ರ ಕೈಯಲ್ಲಿ ಅರ ನಿಂತುಹೋಯಿತು. "ಅಕ್ಕ, ಈ ಕಡೆ ತಿರುಗು."

"ಇಲ್ಲ ಕಣೋ, ನಾನು ನೋಡಬೇಕಾಗಿಲ್ಲ. ನೀನು ಮಾಡು."

"ತಿರುಗೇ ಅಕ್ಕ." ಆಚಾರ್ರು ಅರ ಕೆಳಗಿಟ್ಟರು.

"ಮಾಡು ಮೌನೇಶಾ" ಎಂದರು ಕಾಳಮ್ಮ ಬೀದಿ ನೋಡುತ್ತಾ. ಓಲೆ ಬೆಸೆದು ಮುಗಿಯುವವರೆಗೂ ಅವರು ಒಂದು ಸಲವೂ ತಿರುಗಿ ನೋಡಲಿಲ್ಲ.