ಸೆರಗಿಲ್ಲದ ಅಂಗಿ

ಸೈಮಿ ಬೀರುವಿನಿಂದ ಇನ್ನೊಂದು ಅಂಗಿ ಎಳೆದಳು, ತಿರುಗಿಸಿ ಬೆನ್ನು ನೋಡಿದಳು, ಮಂಚದ ಮೇಲಿನ ರಾಶಿಗೆ ಎಸೆದಳು.

"ಇದೂ ಮೊಂಡು."

"ಅಮ್ಮ, ಹಾರ್ವೆ ಹೊರಗೆ ಕಾಯ್ತಾ ನಿಂತಿದಾರೆ," ಎಂದಳು ಬಾಗಿಲಲ್ಲಿದ್ದ ಮಗಳು ಲೋರ್ನಾ. ಹಾರ್ವೆ ಆ ಊರಿನಲ್ಲಿ ಸತ್ತವರಿಗೆ ಬಟ್ಟೆ ತೊಡಿಸಿ ಪೆಟ್ಟಿಗೆಯಲ್ಲಿ ಮಲಗಿಸುವವನು. "ಯಾವ್ದಾದ್ರೂ ಒಂದು ಕೊಡು. ಮಲಗಿರೋರ ಬೆನ್ನು ಯಾರು ನೋಡ್ತಾರೆ?"

"ನಾನು ನೋಡ್ತೀನಿ. ಜೀವ ಇರೋತನಕ ಮೊಂಡಂಗಿ ಹಾಕ್ಕೊಂಡು ಓಡಾಡಿದ್ರು. ದೇವರ ಹತ್ರಾನೂ ಹಾಗೇ ಹೋಗ್ಬೇಕಾ ನಿಮ್ಮಪ್ಪ?"

ಸುಲೋ ಕಂಗಾಸನ ಅಂಗಿಗಳಿಗೆ ಹಿಂದಿನ ಸೆರಗು ಇರಲಿಲ್ಲ. ಜಿಂಕೆಗೆ ಗುಂಡು ಹಾರಿಸಿ ಗುರಿ ತಪ್ಪಿದವನ ಅಂಗಿಯ ಹಿಂದಿನ ಸೆರಗನ್ನು ಆ ಸಂಜೆ ಡೇರೆಯಲ್ಲಿ ಎಲ್ಲರೆದುರು ಕತ್ತರಿಸುವುದು ಆ ಕಡೆಯ ಬೇಟೆಗಾರರ ಕಟ್ಟಳೆ. ಕತ್ತರಿ ಸೈಮಿಯ ಅಣ್ಣ ಆಸ್ಕರನ ಕೈಯಲ್ಲಿ. ಕತ್ತರಿಸಿದ ತುಂಡನ್ನು ಅವನು ಡೇರೆಯ ಒಳಗೋಡೆಗೆ ಹೊಲಿಯುತ್ತಿದ್ದ. ಆ ಗೋಡೆಯ ಮೇಲಿನ ತುಂಡುಗಳೆಲ್ಲ ಹೆಚ್ಚುಕಡಿಮೆ ಸುಲೋನವೇ.

ಸೆರಗಿಲ್ಲದ ಅಂಗಿ ಪ್ಯಾಂಟಿನೊಳಗೆ ನಿಲ್ಲುವುದಿಲ್ಲ. ಬಗ್ಗಿದರೆ ಸಾಕು, ಹಾರಿ ಹೊರಗೆ ಬರುತ್ತದೆ. ಸೈಮಿ ಕೆಲವಕ್ಕೆ ಅಡಿಗೆಮನೆಯ ಹಳೆಯ ಪರದೆ ಹರಿದು ತೇಪೆ ಹಾಕಿದ್ದಳು. ಜಿಲ್ಲೆಯ ರಸ್ತೆಗಳಲ್ಲಿ ಹಿಮ ಗೋರುವ ಗಾಡಿ ಓಡಿಸುತ್ತಿದ್ದ ಗಂಡ ಕೆಳಗಿಳಿದು ಚಕ್ರಕ್ಕೆ ಸರಪಳಿ ಕಟ್ಟಲು ಬಗ್ಗಿದನೆಂದರೆ ಬೆನ್ನ ಮೇಲೆ ಗುಲಾಬಿ ಹೂಗಳು. ಊರೆಲ್ಲ ನಕ್ಕಿತ್ತು. ಸುಲೋನೂ ನಕ್ಕಿದ್ದ. ನಗು ಬಾರದೆ ಉಳಿದವಳು ಸೈಮಿ ಒಬ್ಬಳೇ.

ಕೊನೆಗೆ ಮಗ ಗ್ಲೆನ್ ಅಂಗಡಿಗೆ ಓಡಿದ. ಬೇಟೆಯ ಮೊದಲ ದಿನವಾದ್ದರಿಂದ ತೋಟಾ ಮಾರಲು ಅಂಗಡಿ ನಸುಕಿಗೇ ತೆರೆದಿತ್ತು. ಮಡಿಕೆಯ ಗೆರೆ ಇನ್ನೂ ಮಾಸದ ಬಿಳಿ ಅಂಗಿ ತಂದ. ಸೈಮಿ ಅದರ ಹಿಂದಿನ ಸೆರಗನ್ನು ಕೈಯಿಂದ ಸವರಿ ಹಾರ್ವೆಗೆ ಕೊಟ್ಟಳು.

"ಪೂರಾ ಇದೆ," ಎಂದಳು.

ಇಂಥ ದಿನ ಮಣ್ಣು ಮಾಡಿದರೆ ಯಾರು ಬರುತ್ತಾರೆ ಎಂದು ಪಾದ್ರಿ ಅನುಮಾನಪಟ್ಟಿದ್ದರು. ಬೇಟೆಯ ಮೊದಲ ದಿನ ತನ್ನ ಗಂಡ ಯಾವತ್ತು ಮನೆಯಲ್ಲಿದ್ದ, ಇವತ್ತೇ ಹೊರಡಲಿ ಎಂದಿದ್ದಳು ಸೈಮಿ. ಜನ ಬಂದರು. ಅರ್ಧಕ್ಕರ್ಧ ಕಾಡಿನಿಂದಲೇ ಬಂದವರು, ಕೇಸರಿ ಬಣ್ಣದ ಬೇಟೆಯ ಕೋಟು, ಬೂಟಿನ ತುಂಬ ಕರಗುವ ಹಿಮ. ಚರ್ಚಿನ ಹಜಾರದಲ್ಲಿ ಕಾಫಿ ಕಾಯುತ್ತಿತ್ತು. ಹೆಂಗಸರು ಏಲಕ್ಕಿ ಹಾಕಿದ ಬ್ರೆಡ್ಡು ಹೆಚ್ಚುತ್ತಿದ್ದರು. ತೆರೆದ ಪೆಟ್ಟಿಗೆಯಲ್ಲಿ ಸುಲೋ ಹೊಸ ಅಂಗಿ ತೊಟ್ಟು ಯಾರದೋ ಮದುವೆಗೆ ಹೊರಟವನಂತೆ ಮಲಗಿದ್ದ.

ಅಷ್ಟರಲ್ಲಿ ಆಸ್ಕರ್ ಬಂದ. ಅವನೂ ಅವನ ಮಗ ಡೀನನೂ ಸೇರಿ ಏನೋ ಸುರುಳಿ ಹೊತ್ತು ತಂದು ಪೆಟ್ಟಿಗೆಯ ಹಿಂದಿನ ಗೋಡೆಗೆ ನೇತುಹಾಕಿದರು. ಡೇರೆಯ ಒಂದು ಮಗ್ಗುಲು. ಕೆಂಪು ಚೌಕಳಿ, ನೀಲಿ ಗೆರೆ, ಹಸಿರು, ಒಂದು ಗುಲಾಬಿ ಹೂವಿನದು, ಮೂಲೆಯಲ್ಲೊಂದು ಬೂದು. ಸುಲೋನ ಸೆರಗುಗಳೆಲ್ಲ ಸಾಲಾಗಿ ತೂಗಿದವು.

"ನೋಡ್ರಪ್ಪಾ!" ಕಿವಿ ಮಂದವಾದ ಆಸ್ಕರನ ದನಿ ಯಾವಾಗಲೂ ದೊಡ್ಡದು. "ನಮ್ಮ ಭಾವನಿಗೆ ಗುಂಡು ಬರ್ತಿರಲಿಲ್ಲ ಅಂತ ಜಿಂಕೆಗಳಿಗೂ ಗೊತ್ತಿತ್ತು. ಹತ್ರ ಬಂದು ನಮಸ್ಕಾರ ಹೇಳಿ ಹೋಗ್ತಿದ್ವು!"

ಜನ ನಕ್ಕರು. ಸೈಮಿ ಕಾಫಿ ಬಟ್ಟಲು ಪಕ್ಕಕ್ಕೆ ಸರಿಸಿದಳು.

"ಅಣ್ಣ," ಎಂದಳು ಮೆಲ್ಲಗೆ, "ಇವತ್ತೊಂದು ದಿನ ಬಿಡಬಾರದಿತ್ತಾ? ಒಂದೇ ಒಂದು ದಿನ ನಗಿಸಿಕೊಳ್ದೆ ಹೋಗ್ಲಿ ಅಂದ್ಕೊಂಡಿದ್ದೆ."

ಆಸ್ಕರನಿಗೆ ಕೇಳಿಸಲಿಲ್ಲ. ಲೋರ್ನಾಗೆ ಕೇಳಿಸಿತು.

* * *

ಕಂಗಾಸರಿಗೆ ಸ್ವಂತದ್ದೆಂದು ಇದ್ದದ್ದು ಒಂದು ಮನೆ, ಹಿಂದೆ ಬೆವರು ಸ್ನಾನದ ಕೋಣೆ, ಒಂದು ಆಲೂಗಡ್ಡೆ ಮಡಿ. ಬೇಟೆಗೆ ಸರ್ಕಾರದ ಕಾಡೇ ಗತಿ. ಉಳ್ಳವರು ತಮ್ಮ ಕಾಡಿಗೆ ಬೋರ್ಡು ಹೊಡೆದು, ಮರದ ಮೇಲೆ ಒಲೆಯಿರುವ ಅಟ್ಟಣೆ ಕಟ್ಟಿಕೊಂಡು ಬೆಚ್ಚಗೆ ಕೂರುತ್ತಿದ್ದರು. ಇವರು ಡೇರೆ ಹೊತ್ತು ನಡೆಯಬೇಕು, ಮುಗಿದ ಮೇಲೆ ಒಂದು ಮೊಳೆಯನ್ನೂ ಬಿಡದೆ ಕಿತ್ತು ತರಬೇಕು. ಅಲ್ಲಿ ಯಾವ ಮರದ ಬುಡವೂ ಯಾರದ್ದೂ ಅಲ್ಲ. ಮೊದಲು ಬಂದು ಕೂತವನದು.

"ನಮಗ್ಯಾಕಪ್ಪ ಸ್ವಂತ ಕಾಡಿಲ್ಲ?" ಎಂದು ಚಿಕ್ಕವಳಿದ್ದಾಗ ಒಂದು ವರ್ಷ ಲೋರ್ನಾ ಕೇಳಿದ್ದಳು. ಗುಡ್ಡದ ನೆತ್ತಿಯಲ್ಲಿ ಏದುಸಿರು ಬಿಡುತ್ತ ನಿಂತಿದ್ದ ಸುಲೋ ಕೈ ಬೀಸಿ ತೋರಿಸಿದ್ದ. ದೊಡ್ಡ ಸರೋವರದವರೆಗೂ ಬರೀ ಮರಗಳು.

"ಇಷ್ಟು ಸಾಲ್ದಾ?"

ಆ ವರ್ಷ ಅವಳಿಗೆ ಮೊದಲ ಬಾರಿ ಕೋವಿ ಹಿಡಿಯುವ ವಯಸ್ಸು. ಅಪ್ಪನ ಮಗ್ಗುಲಲ್ಲಿ, ಒಂದೇ ಕಂಬಳಿಯೊಳಗೆ ಕೂತಿದ್ದಳು. ಜೌಗಿನ ಅಂಚಿನಿಂದ ಜಿಂಕೆ ಹೊರಗೆ ಬಂತು, ನಿಂತಿತು, ಇವರತ್ತಲೇ ನೋಡಿತು. ಅಷ್ಟು ಹತ್ತಿರ. ಲೋರ್ನಾಳ ಗುಂಡು ಹಾರಿತು. ಜಿಂಕೆ ಬಿಳಿ ಬಾಲವನ್ನು ಕರವಸ್ತ್ರದ ಹಾಗೆ ಮೇಲೆತ್ತಿ, ಒಂದು, ಎರಡು ನೆಗೆತಕ್ಕೆ ಮರಗಳೊಳಗೆ ಹೋಯಿತು. ಬಾಲ ಎತ್ತಿತೆಂದರೆ ತಪ್ಪಿತೆಂದೇ ಲೆಕ್ಕ.

"ಆಸ್ಕರ್ ಮಾವ ಎಲ್ರೆದುರು ಕತ್ತರಿಸ್ತಾರೆ," ಎಂದು ಅವಳು ಬಿಕ್ಕಿದಳು. "ಡೀನ್ ನಗ್ತಾನೆ. ನಾನಿನ್ನು ಬರಲ್ಲ ಕಾಡಿಗೆ. ಯಾವತ್ತೂ ಬರಲ್ಲ."

ಸುಲೋ ಹಿಮದಲ್ಲಿ ಬಿದ್ದ ಖಾಲಿ ತೋಟಾ ಹೆಕ್ಕಿ ತನ್ನ ಜೇಬಿಗೆ ಹಾಕಿಕೊಂಡ.

"ಕಾಫಿ ಕುಡಿ, ಆರಿಹೋಗತ್ತೆ."

ಸಂಜೆ ಡೇರೆಯಲ್ಲಿ ಆಸ್ಕರ್ ಕತ್ತರಿ ಆಡಿಸುತ್ತ ಕೇಳಿದ: "ಜೌಗಿನ ಕಡೆ ಕೇಳಿದ ಗುಂಡು ಯಾರ್ದು?"

ಲೋರ್ನಾಳ ಕಿವಿ ಸುಡತೊಡಗಿತು. ಸುಲೋ ಎದ್ದು, ಬೆನ್ನು ತಿರುಗಿಸಿ, ಕೋಟು ಮೇಲೆತ್ತಿ ನಿಂತ.

"ನಂದೇ," ಎಂದ. "ಸ್ವಲ್ಪ ಕಡಿಮೆ ಕತ್ತರಿಸಪ್ಪ. ಮನೇಲಿ ಸೈಮಿ ಬೈತಾಳೆ."

ಮರುದಿನ ಲೋರ್ನಾ ಅಪ್ಪನಿಗಿಂತ ಮೊದಲು ಎದ್ದು ಬೂಟು ಹಾಕಿಕೊಂಡಳು.

* * *

ಹಜಾರದಲ್ಲಿ ಲೋರ್ನಾ ಡೇರೆಯ ಬಟ್ಟೆಯ ಹತ್ತಿರ ಹೋಗಿ ಕೆಂಪು ಚೌಕಳಿಯ ಮೇಲೆ ಬೆರಳಿಟ್ಟಳು.

"ಅಮ್ಮ, ಇದು ಅಪ್ಪಂದಲ್ಲ. ನಂದು. ಗುಂಡು ಹೊಡೆದೋಳು ನಾನು. ಅಪ್ಪ ತಮ್ದು ಅಂತ ಹೇಳ್ಬಿಟ್ರು."

ಗ್ಲೆನ್ ಬಟ್ಟಲು ಕೆಳಗಿಟ್ಟ. "ನಿಂಗೂನಾ?"

"ನಿಂಗೂನಾ ಅಂದ್ರೆ?"

"ನೀಲಿದು ನಂದು ಕಣೇ. ಯಾರಿಗೂ ಹೇಳ್ಬೇಡ, ನಮ್ಮಿಬ್ರಲ್ಲೇ ಇರ್ಲಿ ಅಂದಿದ್ರು. ನಾನು ಇಷ್ಟು ವರ್ಷ ನಂಗೊಬ್ಬನಿಗೇ ಅಂದ್ಕೊಂಡಿದ್ದೆ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಹಿಂದಿನಿಂದ ಡೀನ್ ಕೆಮ್ಮಿದ. ಈಗ ಅವನ ತಲೆಯೂ ಅರ್ಧ ಬೆಳ್ಳಗಾಗಿದೆ.

"ಅತ್ತೆ... ಆ ಹಸಿರು ತುಂಡು ನಂದು. ಅಪ್ಪ ನನ್ನ ಮಾನ ಕಳೀತಾರೆ ಅಂತ ನಡುಗ್ತಿದ್ದೆ. ಸುಲೋ ಮಾವ ನನ್ನ ಕೋವಿ ಇಸ್ಕೊಂಡು ಮದ್ದಿನ ವಾಸನೆ ಮೂಸಿ ನೋಡಿ, 'ನಗಿಸ್ಕೊಳ್ಳೋದು ನಂಗೆ ಅಭ್ಯಾಸ, ನೀನು ಸುಮ್ನಿರು' ಅಂದ್ರು."

"ಏನಂತೆ? ಏನಂತೆ ಅವನು?" ಎಂದ ಆಸ್ಕರ್.

ಗ್ಲೆನ್ ಅವನ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿದ. ಆಸ್ಕರ್ ಮಗನನ್ನು ನೋಡಿದ. ಡೇರೆಯ ಬಟ್ಟೆಯನ್ನು ನೋಡಿದ. ತನ್ನ ಕೈಯಾರೆ ಹಾಕಿದ ಹೊಲಿಗೆಗಳವು. ಕೊನೆಗೆ ಗುಲಾಬಿ ಹೂವಿನ ತುಂಡನ್ನು ಮುಟ್ಟಿದ.

"ನಂಗೆ ಕಣ್ಣಿಗೆ ಪೊರೆ ಬಂದ ವರ್ಷ," ಎಂದ. ಅವನ ದನಿ ಅಷ್ಟು ಸಣ್ಣದಾದದ್ದನ್ನು ಯಾರೂ ಕೇಳಿರಲಿಲ್ಲ. "ಗೊತ್ತಾದ್ರೆ ನೀವೆಲ್ಲ ಕೋವಿ ಕಿತ್ಕೋತೀರ ಅಂತ ಬಾಯಿಬಿಡ್ಲಿಲ್ಲ. ಪಕ್ಕದ ಮರದ ಕೆಳಗಿದ್ದ ಭಾವ, ತಪ್ಪಿದೋನು ತಾನೇ ಅಂದ. ಹೊಡೆದೋನು ನಾನು, ಸೈಮಿ. ಕತ್ತರಿಸಿದೋನೂ ನಾನೇ."

ಯಾರೂ ನಗಲಿಲ್ಲ. ಸೈಮಿ ಎದ್ದು ಬಂದಳು. ಒಂದೊಂದು ತುಂಡಿನ ಮುಂದೂ ನಿಂತಳು. ಒಂದೊಂದಕ್ಕೂ ಅವಳು ಗಂಡನನ್ನು ಬೈದಿದ್ದಳು. ಒಲೆಯ ಮುಂದೆ ಕೂತು ಅವನು ಹೂಂಗುಟ್ಟುತ್ತಿದ್ದ.

"ಹಾಗಾದ್ರೆ ಅವರು ತಪ್ಪಿದ್ದಾದ್ರೂ ಯಾವ್ದು?"

ಆಸ್ಕರ್ ಮೂಲೆಯ ಬೂದು ತುಂಡನ್ನು ತೋರಿಸಿದ. "ಇದು. ಇದು ಮಾತ್ರ ನಾನೇ ಕಣ್ಣಾರೆ ಕಂಡಿದ್ದು. ಜಿಂಕೆ ಇಲ್ಲೇ ಇತ್ತು, ಈ ಮೇಜಿನಷ್ಟು ದೂರ. ದೇವರಾಣೆಗೂ ತಪ್ಪಿದ."

ಮೊದಲು ನಕ್ಕವಳು ಸೈಮಿ. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಎಲ್ಲರೂ ನಕ್ಕರು.

"ಅಮ್ಮಾ, ಪೆಟ್ಟಿಗೆ ಮುಚ್ಚೋ ಹೊತ್ತಾಯ್ತು," ಎಂದ ಹಾರ್ವೆ ಹತ್ತಿರ ಬಂದು.

"ಒಂದು ನಿಮಿಷ ತಡಿಯಪ್ಪ." ಅವಳು ಅಣ್ಣನ ಮುಂದೆ ಕೈ ಚಾಚಿದಳು. "ಕತ್ತರಿ ಎಲ್ಲಿ?"

ಬೇಟೆಯ ಮೊದಲ ದಿನ ಆಸ್ಕರನ ಜೇಬಿನಲ್ಲಿ ಕತ್ತರಿ ಇಲ್ಲದೆ ಇರುತ್ತದೆಯೇ? ತೆಗೆದು ಕೊಟ್ಟ.

"ತಿರುಗು."

"ಸೈಮಿ, ಇದು ಹೊಸ ಅಂಗಿ..."

"ಅವರ್ದೂ ಹೊಸದೇ ಇರ್ತಿತ್ತು. ತಿರುಗು ಅಂದೆ."

ಆಸ್ಕರ್ ಬೆನ್ನು ತಿರುಗಿಸಿ ಕೋಟು ಮೇಲೆತ್ತಿದ. ಅವನ ಹಿಂದೆ ಡೀನ್, ಗ್ಲೆನ್, ಕೊನೆಗೆ ಲೋರ್ನಾ. ನಾಲ್ವರದೂ ಕಪ್ಪು ಕೋಟಿನೊಳಗೆ ಬಿಳಿ ಅಂಗಿ. ಸೈಮಿ ದರ್ಜಿಯ ಹಾಗೆ ಬಟ್ಟೆ ಬಿಗಿಹಿಡಿದು ಒಬ್ಬೊಬ್ಬರದೂ ಕತ್ತರಿಸಿದಳು. ಪಾದ್ರಿ ಬೈಬಲ್ಲು ಎದೆಗವಚಿ ನೋಡುತ್ತಿದ್ದರು, ತಡೆಯಲಿಲ್ಲ. ಬಿಳಿ ತುಂಡುಗಳನ್ನು ಮಡಿಸಿ ಗಂಡನ ಕೈಗಳ ಕೆಳಗಿಟ್ಟಳು. ಅವನ ಅಂಗಿಯ ಕೊರಳನ್ನು ಒಮ್ಮೆ ಸರಿಮಾಡಿದಳು.

"ಬೈದಿದ್ದೆಲ್ಲ ಮನಸಲ್ಲಿ ಇಟ್ಕೋಬೇಡಿ," ಎಂದಳು. "ನೀವೂ ಒಂದು ಮಾತು ಹೇಳ್ಲಿಲ್ಲ."

ಸ್ಮಶಾನ ಊರಾಚೆಯ ದಿಬ್ಬದ ಮೇಲೆ. ಅದರ ಬೇಲಿಯಾಚೆಗೆ ಸರ್ಕಾರದ ಕಾಡೇ ಶುರು. ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಪಾದ್ರಿಯ ಮಾತಿನ ನಡುವೆ ದೂರದಲ್ಲೆಲ್ಲೋ ಗುಂಡಿನ ಸದ್ದು, ಹಿಂದೆಯೇ ಇನ್ನೊಂದು, ಮತ್ತೊಂದು.

"ಮೂರು," ಎಂದು ಗೊಣಗಿದ ಆಸ್ಕರ್. ಗುಂಡಿನ ಸದ್ದು ಅವನ ಮಂದ ಕಿವಿಗೂ ತಪ್ಪುತ್ತಿರಲಿಲ್ಲ. "ತಪ್ಪಿಸ್ಕೊಂಡಿತು. ತಗಲಿದ್ರೆ ಒಂದೇ ಸಾಕಿತ್ತು."

ಹಾರ್ವೆ ಕಣ್ಸನ್ನೆ ಮಾಡಿದ. ನಾಲ್ವರೂ ಪಟ್ಟಿ ಹಿಡಿದು ಪೆಟ್ಟಿಗೆಯನ್ನು ಇಳಿಸಲು ಬಗ್ಗಿದರು. ಗಾಳಿ ಕಪ್ಪು ಕೋಟುಗಳನ್ನು ಎತ್ತಿತು. ಸೆರಗಿಲ್ಲದ ಅಂಗಿಗಳು ನಡುವಿನಿಂದ ಕಿತ್ತುಕೊಂಡು ಮೇಲೆದ್ದು, ನಾಲ್ಕು ಸೊಂಟಗಳ ಮೇಲೆ, ತಪ್ಪಿಸಿಕೊಂಡು ಹೋಗುವ ಜಿಂಕೆಗಳ ಬಾಲದ ಹಾಗೆ, ಬೆಳ್ಳಗೆ ಹಾರಾಡಿದವು.